ಲಿವಿಯನ್ನು ಓದುವ ಬಗೆ: ರೋಮಿನ ಆದಿಕಥೆಗಳಲ್ಲಿ ಐತಿಹ್ಯವನ್ನೂ ಚರಿತ್ರೆಯನ್ನೂ ಗುರುತಿಸುವುದು

ರೋಮಿನ ಇತಿಹಾಸಕಾರ ಲಿವಿಯ ಮೊದಲ ಸಂಪುಟವನ್ನು ಕೈಗೆತ್ತಿಕೊಂಡವರಿಗೆ ಹತ್ತು ಪುಟ ದಾಟುವುದರೊಳಗೆ ಗೊಂದಲ ಶುರುವಾಗುತ್ತದೆ. ಯುದ್ಧದೇವತೆಯಿಂದ ಗರ್ಭ ಧರಿಸಿದ ಕನ್ಯೆ, ನದಿಯಲ್ಲಿ ತೇಲಿಬಿಟ್ಟ ಅವಳಿ ಶಿಶುಗಳು, ಅವಕ್ಕೆ ಮೊಲೆಯೂಡಿದ ತೋಳ, ಒಡಹುಟ್ಟಿದವನ ಹೆಣ ಬಿದ್ದ ಮೇಲೆ ಎದ್ದು ನಿಂತ ಊರು. ಇವೆಲ್ಲ ಬರುವುದು ಕಾವ್ಯದಲ್ಲಲ್ಲ. ಮುಂದೆ ಕಾನ್ಸಲ್‌ಗಳ (ವರ್ಷವರ್ಷವೂ ಆರಿಸುತ್ತಿದ್ದ ಇಬ್ಬರು ಮುಖ್ಯಾಧಿಕಾರಿಗಳ) ಹೆಸರುಗಳನ್ನೂ ಸೆನೆಟ್ಟಿನ ನಿರ್ಣಯಗಳನ್ನೂ ವರ್ಷವಾರು ದಾಖಲಿಸುತ್ತ ಹೋಗುವ ಗದ್ಯಚರಿತ್ರೆಯಲ್ಲಿ. ಈ ಹಂತದಲ್ಲಿ ಓದುಗರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕೆಲವರು ಎಲ್ಲವನ್ನೂ ನಡೆದದ್ದೆಂದೇ ಒಪ್ಪಿ, ಊರು ಹುಟ್ಟಿತೆನ್ನಲಾದ ಕ್ರಿ.ಪೂ. 753ನ್ನು ಪರೀಕ್ಷೆಯ ಉತ್ತರದಂತೆ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಉಳಿದವರು ಎಲ್ಲವೂ ಕಟ್ಟುಕಥೆಯೆಂದು ಪುಸ್ತಕ ಮುಚ್ಚುತ್ತಾರೆ. ಎರಡೂ ಸೋಮಾರಿಯ ದಾರಿಗಳೇ. ರೋಮಿನ ಬರಹಗಾರರು ತಮ್ಮ ಅನುಮಾನಗಳನ್ನು ಮುಚ್ಚಿಟ್ಟವರಲ್ಲ. ಎಲ್ಲಿ ನಂಬಬೇಕು, ಎಲ್ಲಿ ತಡೆಯಬೇಕು ಎಂಬುದರ ಗುರುತುಗಳನ್ನು ವಾಕ್ಯಗಳೊಳಗೇ ಬಿಟ್ಟುಹೋಗಿದ್ದಾರೆ. ಆ ಗುರುತುಗಳನ್ನು ಹುಡುಕಿ ಓದುವ ಕ್ರಮವೊಂದನ್ನು ಇಲ್ಲಿ ವಿವರಿಸಲಾಗಿದೆ.

ಸಿದ್ಧತೆ ಹೆಚ್ಚೇನೂ ಬೇಡ. ಸಂಪುಟ ಮತ್ತು ಅಧ್ಯಾಯಗಳ ಸಂಖ್ಯೆಯನ್ನು ಅಂಚಿನಲ್ಲಿ ಮುದ್ರಿಸಿರುವ ಅನುವಾದವೇ ಆಗಬೇಕು. ಸಂಖ್ಯೆಯಿಲ್ಲದ ಸಂಕ್ಷಿಪ್ತ ಕಥನಗಳಲ್ಲಿ ನಾವು ಹುಡುಕುವ ಗುರುತುಗಳೇ ಕತ್ತರಿಸಿ ಹೋಗಿರುತ್ತವೆ. ಲಿವಿ ಬರೆದದ್ದು 142 ಸಂಪುಟಗಳು, ಉಳಿದಿರುವುದು 35. ಮೊದಲನೆಯದರಲ್ಲಿ 60 ಅಧ್ಯಾಯಗಳಿವೆ, ಅಭ್ಯಾಸಕ್ಕೆ ಅದೊಂದೇ ಸಾಕು. ಪಕ್ಕದಲ್ಲಿ ಹಾಲಿಕಾರ್ನಾಸಸ್‌ನ ಡಯೊನೀಸಿಯಸ್ ಗ್ರೀಕ್‌ನಲ್ಲಿ ಬರೆದ ರೋಮನ್ ಪುರಾತನ ವೃತ್ತಾಂತದ ಮೊದಲ ನಾಲ್ಕು ಸಂಪುಟಗಳನ್ನೂ ಊರು ಕಟ್ಟಿದನೆನ್ನಲಾದ ಮೊದಲ ರಾಜ ರೊಮ್ಯುಲಸ್‌ನ ಬಗ್ಗೆ ಪ್ಲೂಟಾರ್ಕ್ ಬರೆದ ಜೀವನಚರಿತ್ರೆಯನ್ನೂ ಇಟ್ಟುಕೊಳ್ಳಿ. ನೋಟುಪುಸ್ತಕದ ಎಡಪುಟದಲ್ಲಿ ಕಥೆಯ ಸಾರ, ಬಲಪುಟದಲ್ಲಿ ನಿಮ್ಮ ತಕರಾರು.

ಮೊದಲು ದೂರವನ್ನು ಅಳೆಯಿರಿ

ಯಾವ ಪ್ರಸಂಗವನ್ನು ಓದುತ್ತಿದ್ದರೂ ಮೊದಲು ಕೇಳಬೇಕಾದ ಪ್ರಶ್ನೆ, ಅದು ನಡೆದಿದೆ ಎನ್ನಲಾದ ಕಾಲಕ್ಕೂ ಅದನ್ನು ಮೊದಲು ಬರೆದಿಟ್ಟ ಕಾಲಕ್ಕೂ ಎಷ್ಟು ಅಂತರವಿದೆ ಎಂಬುದು. ಲಿವಿ ಹುಟ್ಟಿದ್ದು ಕ್ರಿ.ಪೂ. 59ರ ಸುಮಾರಿನಲ್ಲಿ, ಇಂದಿನ ಪಡುವಾ ಪಟ್ಟಣದಲ್ಲಿ. ಬರೆದದ್ದು ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಆಳ್ವಿಕೆಯಲ್ಲಿ. ಅವನಿಗೂ ರೊಮ್ಯುಲಸ್‌ಗೂ ನಡುವೆ ಏಳುನೂರು ವರ್ಷಗಳಿವೆ. ಲಿವಿ ತನಗಿಂತ ಹಿಂದಿನವರನ್ನು ನೋಡಿಕೊಂಡು ಬರೆದನೆಂದು ಸಮಾಧಾನ ಪಟ್ಟುಕೊಳ್ಳುವುದೂ ಕಷ್ಟ. ರೋಮಿನವರಲ್ಲಿ ಮೊದಲು ಚರಿತ್ರೆ ಬರೆದ ಫೇಬಿಯಸ್ ಪಿಕ್ಟರ್ ಕ್ರಿ.ಪೂ. 200ರ ಆಸುಪಾಸಿನವನು, ಕ್ರಿ.ಪೂ. 216ರಲ್ಲಿ ಕೆನೈಯಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನಿಂದ ಸೋತ ಮೇಲೆ ಡೆಲ್ಫಿಯ ದೇವವಾಣಿ ಕೇಳಿಬರಲು ಸೆನೆಟ್ ಕಳಿಸಿದ್ದು ಇವನನ್ನೇ. ಬರೆದದ್ದು ಗ್ರೀಕ್ ಭಾಷೆಯಲ್ಲಿ, ಮತ್ತು ಆ ಕೃತಿ ನಮಗೆ ಉಳಿದಿಲ್ಲ. ಊರು ಹುಟ್ಟಿದ್ದಕ್ಕೂ ಊರಿನವನೊಬ್ಬ ಅದರ ಕಥೆ ಬರೆದದ್ದಕ್ಕೂ ನಡುವೆ ಸುಮಾರು 550 ವರ್ಷ ಕಳೆದಿದ್ದವು.

ಅದಕ್ಕೂ ಮೊದಲು ಬರಹವೇ ಇರಲಿಲ್ಲವೆಂದಲ್ಲ. ಪ್ರಧಾನ ಪುರೋಹಿತನು ಪ್ರತಿವರ್ಷ ಬಿಳಿ ಬಳಿದ ಹಲಗೆಯ ಮೇಲೆ ಮುಖ್ಯ ಸಂಗತಿಗಳನ್ನು ಬರೆಸಿ ಮನೆಯ ಮುಂದೆ ಇಡುತ್ತಿದ್ದನು. ಆದರೆ ಅದರಲ್ಲಿದ್ದದ್ದು ಕಾಳಿನ ಬೆಲೆ ಎಷ್ಟು ಸಲ ಏರಿತು, ಸೂರ್ಯನಿಗೋ ಚಂದ್ರನಿಗೋ ಎಷ್ಟು ಸಲ ಗ್ರಹಣ ಹಿಡಿಯಿತು ಎಂಬಂಥ ವಿವರ. ಅದನ್ನೆಲ್ಲ ಬರೆಯಲು ತನಗೆ ಮನಸ್ಸಿಲ್ಲವೆಂದು ರೋಮಿನ ಹಳೆಯ ಚರಿತ್ರಕಾರ ಹಿರಿಯ ಕೇಟೊ ಗೊಣಗಿದ್ದಾನೆ. ಗೊಣಗಿದ್ದು ಅವನ ತಪ್ಪೆಂದೇ ನನ್ನ ಅಭಿಪ್ರಾಯ, ಏಕೆಂದರೆ ಇಂದಿನ ಚರಿತ್ರಕಾರರು ತೋಳದ ಕಥೆಯನ್ನು ಕೊಟ್ಟಾದರೂ ಆ ಕಾಳಿನ ಲೆಕ್ಕವನ್ನು ಕೊಳ್ಳುತ್ತಿದ್ದರು.

ಲಿವಿಗೆ ಈ ಕೊರತೆ ಚೆನ್ನಾಗಿ ಗೊತ್ತಿತ್ತು. ಆರನೆಯ ಸಂಪುಟದ ಮೊದಲ ಅಧ್ಯಾಯದಲ್ಲಿ ಅವನು ನೇರವಾಗಿಯೇ ಒಪ್ಪಿಕೊಳ್ಳುತ್ತಾನೆ: ಇದುವರೆಗೆ ಹೇಳಿದ್ದೆಲ್ಲ ಬಹು ದೂರದಿಂದ ಮಸುಕಾಗಿ ಕಾಣುವ ವಸ್ತುಗಳಂತೆ, ಆಗ ಬರಹ ವಿರಳವಾಗಿತ್ತು, ಇದ್ದ ಕಡತಗಳೂ ಉತ್ತರದಿಂದ ಬಂದ ಗಾಲ್ ಜನರು ಊರು ಸುಟ್ಟಾಗ ಬಹುಪಾಲು ನಾಶವಾದವು. ಆ ದಾಳಿಗೆ ರೋಮನ್ನರು ಹೇಳುವ ವರ್ಷ ಕ್ರಿ.ಪೂ. 390. ಹೊಸ ಓದುಗರು ಮೊದಲ ಸಂಪುಟಕ್ಕೂ ಮುನ್ನ ಈ ಒಂದು ಅಧ್ಯಾಯವನ್ನು ಓದಿಕೊಳ್ಳುವುದು ಒಳ್ಳೆಯದು. ಆಮೇಲೆ ಪ್ರತಿ ಪ್ರಸಂಗದ ಪಕ್ಕದಲ್ಲಿ, ಪಿಕ್ಟರ್‌ನ ಕಾಲದವರೆಗಿನ ಅಂತರವನ್ನು ಬರೆಯುತ್ತ ಹೋಗಿ: ರೊಮ್ಯುಲಸ್‌ಗೆ 550, ರಾಜರನ್ನು ಓಡಿಸಿದ ಕ್ರಿ.ಪೂ. 509ಕ್ಕೆ 300, ಗಾಲ್ ದಾಳಿಗೆ 190, ಕ್ರಿ.ಪೂ. 295ರ ಸೆಂಟಿನಮ್ ಯುದ್ಧಕ್ಕೆ ನೂರರೊಳಗೆ. ಕೊನೆಯದು ಅಜ್ಜ ಮೊಮ್ಮಗನಿಗೆ ಹೇಳಬಹುದಾದಷ್ಟು ಹತ್ತಿರ. ಮೊದಲನೆಯದು ಯಾವ ಅಜ್ಜನ ನೆನಪಿಗೂ ಎಟುಕದಷ್ಟು ದೂರ.

ಕ್ರಿಯಾಪದದ ಮೇಲೆ ಕಣ್ಣಿಡಿ

ಕನ್ನಡದ ಓದುಗರಿಗೆ ಇಲ್ಲೊಂದು ಅನುಕೂಲವಿದೆ. ಕಂಡದ್ದನ್ನು ‘ಬಂದನು’ ಎನ್ನುತ್ತೇವೆ, ಕೇಳಿದ್ದನ್ನು ‘ಬಂದನಂತೆ’ ಎನ್ನುತ್ತೇವೆ. ಆ ಪುಟ್ಟ ‘ಅಂತೆ’ ಹೊಣೆಯನ್ನು ಹೇಳಿದವರ ತಲೆಗೆ ದಾಟಿಸಿಬಿಡುತ್ತದೆ. ಲ್ಯಾಟಿನ್‌ನಲ್ಲಿ ಇದೇ ಕೆಲಸವನ್ನು ‘ಹೇಳಲಾಗುತ್ತದೆ’, ‘ಪರಂಪರೆಯಿಂದ ಬಂದಿದೆ’, ‘ಹೀಗೆಂದು ನಂಬುವವರಿದ್ದಾರೆ’, ‘ಜನಜನಿತವಾದ ಮಾತು’ ಎಂಬಂಥ ಪ್ರಯೋಗಗಳು ಮಾಡುತ್ತವೆ. ಅನುವಾದದಲ್ಲಿ ಇವು ಸಪ್ಪೆಯಾಗಿ ಕಾಣುವುದರಿಂದ ಕಣ್ಣು ಜಾರಿಹೋಗುತ್ತದೆ. ಪೆನ್ಸಿಲ್ ಹಿಡಿದು ಪ್ರತಿಯೊಂದರ ಅಡಿಗೂ ಗೆರೆ ಎಳೆಯಿರಿ. ಮೊದಲ ಐದು ಅಧ್ಯಾಯಗಳಲ್ಲಿಯೇ ಪುಟ ಗೆರೆಗಳಿಂದ ತುಂಬುತ್ತದೆ.

ಮುನ್ನುಡಿಯಲ್ಲಿಯೇ ಲಿವಿ ತನ್ನ ನಿಲುವನ್ನು ಹೇಳಿಬಿಟ್ಟಿದ್ದಾನೆ. ಊರು ಕಟ್ಟುವುದಕ್ಕೆ ಮೊದಲಿನ ಸಂಗತಿಗಳು ನಂಬಲರ್ಹ ದಾಖಲೆಗಳಿಗಿಂತ ಕವಿಗಳ ಕಥೆಗಳಿಗೆ ಹೆಚ್ಚು ಒಪ್ಪುವಂಥವು; ಅವನ್ನು ಸಮರ್ಥಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ; ಮನುಷ್ಯರ ವ್ಯವಹಾರದಲ್ಲಿ ದೇವರನ್ನು ಬೆರೆಸಿ ತಮ್ಮ ಊರಿನ ಹುಟ್ಟನ್ನು ಘನವಾಗಿಸಿಕೊಳ್ಳುವ ರಿಯಾಯಿತಿ ಹಳೆಯ ಕಾಲಕ್ಕೆ ಇದೆ ಎಂದು. ಅವಳಿಗಳ ತಂದೆ ಮಾರ್ಸ್ ದೇವರೆಂದು ತಾಯಿ ಹೇಳಿದ್ದಕ್ಕೆ ನಾಲ್ಕನೆಯ ಅಧ್ಯಾಯದಲ್ಲಿ ಅವನು ಎರಡು ಕಾರಣ ಕೊಡುತ್ತಾನೆ: ಆಕೆ ಹಾಗೆಂದೇ ನಂಬಿದ್ದಿರಬೇಕು, ಇಲ್ಲವೇ ತಪ್ಪಿಗೆ ದೇವರು ಕಾರಣನಾದರೆ ಮರ್ಯಾದೆ ಹೆಚ್ಚು ಉಳಿಯುತ್ತದೆ. ತೋಳಕ್ಕೂ ಇದೇ ಉಪಚಾರ. ತೋಳ ಎಂಬರ್ಥದ ಲ್ಯಾಟಿನ್ ಪದ ‘ಲೂಪಾ’ ಸೂಳೆ ಎಂಬ ಅರ್ಥದಲ್ಲಿಯೂ ಬಳಕೆಯಲ್ಲಿತ್ತು. ಕುರುಬನ ಹೆಂಡತಿ ಲರೆಂಟಿಯಾಗೆ ಆ ಹೆಸರಿದ್ದದ್ದರಿಂದಲೇ ಪವಾಡದ ಕಥೆ ಹುಟ್ಟಿತೆಂದು ಭಾವಿಸುವವರಿದ್ದಾರೆ ಎಂದು ಬರೆದು ಮುಂದೆ ಸಾಗುತ್ತಾನೆ.

ಈ ವಿಧಾನವನ್ನು ಹತ್ತಿರದಿಂದ ನೋಡಲು ಹದಿನಾರನೆಯ ಅಧ್ಯಾಯ, ಅಂದರೆ ರೊಮ್ಯುಲಸ್‌ನ ಅಂತ್ಯ, ತಕ್ಕ ಸ್ಥಳ. ‘ಮೇಕೆ ಜೌಗು’ ಎಂಬ ಜಾಗದ ಬಳಿ ರಾಜನು ಸೈನ್ಯವನ್ನು ಪರಿಶೀಲಿಸುತ್ತಿರುವಾಗ ಗುಡುಗುಸಹಿತ ಬಿರುಗಾಳಿಯೆದ್ದು, ದಟ್ಟ ಮೋಡವೊಂದು ಅವನನ್ನು ಮುಚ್ಚಿತು. ಮೋಡ ಸರಿದಾಗ ರಾಜಪೀಠ ಖಾಲಿಯಾಗಿತ್ತು. ರಾಜನು ಮೇಲಕ್ಕೆ ಎತ್ತಲ್ಪಟ್ಟನೆಂದು ಹೇಳಿದವರು ಯಾರೆಂಬುದನ್ನು ಗಮನಿಸಿ: ಅವನ ತೀರ ಹತ್ತಿರ ನಿಂತಿದ್ದ ಸೆನೆಟರುಗಳು. ಸೈನಿಕರು ಅದನ್ನು ನಂಬಿಯೂ ತಬ್ಬಲಿಗಳಂತೆ ಬಹಳ ಹೊತ್ತು ಮೌನವಾಗಿ ನಿಂತರು. ಆಮೇಲೆ ಕೆಲವರು ಶುರುಮಾಡಿದ ಜಯಘೋಷಕ್ಕೆ ಎಲ್ಲರೂ ದನಿಗೂಡಿಸಿ ಅವನನ್ನು ದೇವರೆಂದರು. ಇಷ್ಟು ಹೇಳಿ ಲಿವಿ ತನ್ನದೇ ದನಿಯಲ್ಲಿ ಒಂದು ಮಾತು ಸೇರಿಸುತ್ತಾನೆ: ಸೆನೆಟರುಗಳೇ ರಾಜನನ್ನು ಕೈಯಾರೆ ಸಿಗಿದು ಹಾಕಿದರೆಂದು ಒಳಗೊಳಗೇ ಆಡಿಕೊಂಡವರು ಆಗಲೂ ಇದ್ದಿರಬೇಕೆಂದು ನಾನು ನಂಬುತ್ತೇನೆ, ಆ ಅಸ್ಪಷ್ಟ ವದಂತಿಯೂ ನಮ್ಮವರೆಗೆ ಬಂದಿದೆ ಎಂದು. ಆಮೇಲೆ ಪ್ರೊಕ್ಯುಲಸ್ ಜೂಲಿಯಸ್ ಎಂಬವನು ಸಭೆಯ ಮುಂದೆ ನಿಂತು, ಬೆಳಗಿನ ಜಾವ ರೊಮ್ಯುಲಸ್ ಆಕಾಶದಿಂದಿಳಿದು ತನ್ನೊಡನೆ ಮಾತಾಡಿದನೆಂದು ಹೇಳುತ್ತಾನೆ. ಅವನ ಮಾತಿಗೆ ಎಷ್ಟೊಂದು ನಂಬಿಕೆ ಸಿಕ್ಕಿತೆಂಬುದೇ ಆಶ್ಚರ್ಯ ಎಂದು ಲಿವಿ ಪ್ರಸಂಗ ಮುಗಿಸುತ್ತಾನೆ.

ಇಡೀ ಅಧ್ಯಾಯದಲ್ಲಿ ಅವನು ಸುಳ್ಳೆಂದು ಎಲ್ಲಿಯೂ ಹೇಳಿಲ್ಲ. ಮೋಡದ ಪಕ್ಕದಲ್ಲಿ ಸೆನೆಟರುಗಳನ್ನು ನಿಲ್ಲಿಸಿ, ಸಾಕ್ಷಿ ನುಡಿದವನ ಹೆಸರು ಜೂಲಿಯಸ್ ಎಂದು ಬರೆದು, ತೀರ್ಮಾನವನ್ನು ನಮಗೆ ಬಿಟ್ಟಿದ್ದಾನೆ. ಅವನು ಬರೆಯುತ್ತಿದ್ದ ಕಾಲಕ್ಕೆ ಜೂಲಿಯಸ್ ಸೀಸರ್ ಸೆನೆಟರುಗಳ ಕೈಯಲ್ಲಿಯೇ ಕೊಲೆಯಾಗಿ, ದೇವರೆಂದು ಘೋಷಿಸಲ್ಪಟ್ಟು, ಬಹಳ ವರ್ಷವೇನೂ ಆಗಿರಲಿಲ್ಲ. ಆದ್ದರಿಂದ ಬಲಪುಟದಲ್ಲಿ ಎರಡು ಸಾಲು ಬರೆಯಬೇಕು: ಒಂದು, ಈ ಕಥೆ ರೊಮ್ಯುಲಸ್‌ನ ಬಗ್ಗೆ ಏನು ಹೇಳುತ್ತದೆ, ಇನ್ನೊಂದು, ಇದನ್ನು ಹೇಳಿದ ಕಾಲದ ಬಗ್ಗೆ ಏನು ಹೇಳುತ್ತದೆ. ಮೊದಲ ಸಾಲು ಖಾಲಿ ಉಳಿದರೂ ಎರಡನೆಯದು ಬಹುತೇಕ ತುಂಬುತ್ತದೆ.

ವರ್ಷಗಳನ್ನು ಕೂಡಿ ನೋಡಿ

ಐತಿಹ್ಯ ತನ್ನ ಗುಟ್ಟು ಬಿಟ್ಟುಕೊಡುವುದು ಹೆಚ್ಚಾಗಿ ಲೆಕ್ಕದಲ್ಲಿ. ಲಿವಿ ಕೊಡುವ ಪ್ರಕಾರ ರೊಮ್ಯುಲಸ್ 37 ವರ್ಷ ಆಳಿದನು, ನ್ಯೂಮಾ 43, ಟಲ್ಲಸ್ 32, ಆಂಕಸ್ 24, ಹಿರಿಯ ಟಾರ್ಕ್ವಿನ್ 38, ಸರ್ವಿಯಸ್ 44, ಕೊನೆಯ ಟಾರ್ಕ್ವಿನ್ 25. ಕೂಡಿದರೆ 243, ನಡುವೆ ರಾಜನಿಲ್ಲದ ಒಂದು ವರ್ಷ ಸೇರಿ 244. ತಲಾ 35 ವರ್ಷ, ಅದೂ ಇವರಲ್ಲಿ ಕೆಲವರು ಕೊಲೆಯಾಗಿ ಸತ್ತವರು, ಒಬ್ಬನು ಓಡಿಸಲ್ಪಟ್ಟವನು. ನಿಜವಾದ ರಾಜವಂಶಗಳಲ್ಲಿ ಸರಾಸರಿ ಹದಿನೆಂಟು ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಗದೆಂದು ಮೊದಲು ಈ ಲೆಕ್ಕಕ್ಕೆ ಆಕ್ಷೇಪಿಸಿದವರಲ್ಲಿ ಐಸಾಕ್ ನ್ಯೂಟನ್ ಒಬ್ಬರು. ಡಯೊನೀಸಿಯಸ್ ಕೂಡ ಇಂಥದೇ ಲೆಕ್ಕ ಹಾಕಿದ್ದಾನೆ: ಕೊನೆಯ ಟಾರ್ಕ್ವಿನ್ ಹಿರಿಯ ಟಾರ್ಕ್ವಿನ್‌ನ ಮಗನೇ ಆಗಿದ್ದರೆ ಪಟ್ಟವೇರುವಾಗಲೇ ಎಪ್ಪತ್ತು ದಾಟಿರಬೇಕು, ಪದಚ್ಯುತನಾದ ಮೇಲೆ ತೊಂಬತ್ತು ದಾಟಿದ ಮುದುಕನಾಗಿ ಯುದ್ಧ ಮಾಡಿರಬೇಕು; ಆದ್ದರಿಂದ ಮೊಮ್ಮಗನೇ ಇರಬೇಕು ಎಂದು.

ಅದಕ್ಕೂ ಹಿಂದಿನ, ರೊಮ್ಯುಲಸ್‌ನ ಪೂರ್ವಜರೆನ್ನಲಾದ ಆಲ್ಬಾ ಪಟ್ಟಣದ ರಾಜರ ಪಟ್ಟಿಯಂತೂ ಶುದ್ಧ ತೇಪೆ. ಹಳೆಯ ಕವಿಗಳಾದ ನೀವಿಯಸ್ ಮತ್ತು ಎನ್ನಿಯಸ್ ರೊಮ್ಯುಲಸ್‌ನನ್ನು ಟ್ರಾಯ್‌ನಿಂದ ಬಂದ ಈನಿಯಸ್‌ನ ಮಗಳ ಮಗನನ್ನಾಗಿ ಮಾಡಿದ್ದರು. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಟ್ರಾಯ್‌ನ ಪತನವನ್ನು ಇಂದಿನ ಎಣಿಕೆಯಲ್ಲಿ ಕ್ರಿ.ಪೂ. 1184ರ ಸುಮಾರಿಗೆ ನಿಗದಿ ಮಾಡಿದ ಮೇಲೆ, ಅಜ್ಜನಿಗೂ ಮೊಮ್ಮಗನಿಗೂ ನಡುವೆ ನಾನೂರಕ್ಕೂ ಹೆಚ್ಚು ವರ್ಷಗಳ ಕಂದಕ ತೆರೆಯಿತು. ಅದನ್ನು ತುಂಬಲು ಒಂದರ ಹಿಂದೊಂದು ಹೆಸರು ಬಂದವು: ನದಿಯಲ್ಲಿ ಮುಳುಗಿ ಟೈಬರ್‌ಗೆ ಹೆಸರು ಕೊಟ್ಟ ಟೈಬರೈನಸ್, ಗುಡ್ಡದ ಮೇಲೆ ಹೂಳಲ್ಪಟ್ಟು ಅವೆಂಟೈನ್‌ಗೆ ಹೆಸರು ಕೊಟ್ಟ ಅವೆಂಟೈನಸ್. ಊರು ಹುಟ್ಟಿದ ವರ್ಷವೂ ಹೀಗೆಯೇ ತೇಲುತ್ತಿತ್ತು. ಸಿಸಿಲಿಯ ಚರಿತ್ರಕಾರ ಟಿಮೀಯಸ್ ಕ್ರಿ.ಪೂ. 814 ಎಂದನು, ಪಿಕ್ಟರ್ 748ರ ಸುಮಾರು ಎಂದನು, ರೋಮಿನ ಇನ್ನೊಬ್ಬ ಚರಿತ್ರಕಾರ ಸಿನ್ಸಿಯಸ್ 729ರ ಸುಮಾರು ಎಂದನು. ನಾವು ಬಾಯಿಪಾಠ ಮಾಡುವ 753 ರೋಮಿನ ವಿದ್ವಾಂಸ ವಾರೊನ ಹೆಸರಿನಲ್ಲಿ ನೆಲೆನಿಂತ ಲೆಕ್ಕ.

ಹೆಸರಿನಿಂದ ಹುಟ್ಟಿದ ಕಥೆ

ರೋಮಿನ ಫೋರಮ್‌ನಲ್ಲಿ, ಅಂದರೆ ಊರ ನಡುವಿನ ಸಭೆಯ ಬಯಲಿನಲ್ಲಿ, ‘ಕರ್ಟಿಯಸ್ ಕೊಳ’ ಎಂಬ ಬೇಲಿಯೊಳಗಿನ ತಗ್ಗು ಇಂದಿಗೂ ಇದೆ; ನೀರಿಲ್ಲ. ಹೆಸರೇಕೆ ಬಂತು? ಲಿವಿಯ ಮೊದಲ ಸಂಪುಟದಲ್ಲಿ, ರೊಮ್ಯುಲಸ್‌ನೊಡನೆ ಕಾದುತ್ತಿದ್ದ ನೆರೆಯ ಸೇಬೈನ್ ಜನರ ಮೆಟ್ಟಿಯಸ್ ಕರ್ಟಿಯಸ್ ಕುದುರೆಯೊಂದಿಗೆ ಅಲ್ಲಿನ ಜೌಗಿಗೆ ಬಿದ್ದು ಎದ್ದುಬಂದನೆಂಬ ಕಾರಣವಿದೆ. ಏಳನೆಯ ಸಂಪುಟದಲ್ಲಿ ಇನ್ನೊಂದಿದೆ: ಕ್ರಿ.ಪೂ. 362ರಲ್ಲಿ ಅಲ್ಲಿ ನೆಲ ಬಾಯ್ದೆರೆದಾಗ, ಮಾರ್ಕಸ್ ಕರ್ಟಿಯಸ್ ಎಂಬ ಯುವಕ ಆಯುಧ ಧರಿಸಿ ಕುದುರೆಯೇರಿ ಅದರೊಳಗೆ ಧುಮುಕಿ ಊರನ್ನು ಉಳಿಸಿದನು. ವಾರೊ ಮೂರನೆಯದನ್ನೂ ಉಳಿಸಿಟ್ಟಿದ್ದಾನೆ: ಸಿಡಿಲು ಬಡಿದ ಆ ಜಾಗಕ್ಕೆ ಕರ್ಟಿಯಸ್ ಎಂಬ ಕಾನ್ಸಲ್ ಸೆನೆಟ್ಟಿನ ಆಜ್ಞೆಯಂತೆ ಬೇಲಿ ಹಾಕಿಸಿದನು, ಅಷ್ಟೆ.

ಒಂದೇ ಹೆಸರಿಗೆ ಮೂರು ಕಥೆಗಳಿದ್ದರೆ, ಹೆಸರು ಮೊದಲು, ಕಥೆಗಳು ಆಮೇಲೆ ಎಂದು ತಿಳಿಯಬೇಕು. ಅತ್ಯಂತ ನೀರಸವಾದ ಕಥೆಯೇ ನಿಜವೆಂಬ ನಿಯಮವಿಲ್ಲದಿದ್ದರೂ, ಹಾಗಾಗುವ ಸಂಭವ ಹೆಚ್ಚು. ಬೇಲಿ ಹಾಕಿಸಿದ ಕಥೆಯನ್ನು ಕಟ್ಟುವುದಕ್ಕೆ ಯಾರಿಗೂ ಆಸೆ ಹುಟ್ಟುವುದಿಲ್ಲ. ಸತ್ಯಕ್ಕೆ ಕರೆದೊಯ್ಯುವ ದಾರಿ ಯಾವುದಾದರೂ ಇದ್ದಿದ್ದರೆ ನಾನು ಶ್ರಮಕ್ಕೆ ಹಿಂಜರಿಯುತ್ತಿರಲಿಲ್ಲ, ಕಾಲ ಹಳೆಯದಾಗಿ ಖಚಿತತೆ ಹೋದಲ್ಲಿ ಜನರ ಮಾತಿಗೇ ನಿಲ್ಲಬೇಕು ಎಂದು ಲಿವಿ ಇಲ್ಲಿ ಬರೆಯುತ್ತಾನೆ. ಹೆಸರು, ಗುಡ್ಡ, ಹಬ್ಬ, ಕಂಬ ಯಾವುದಕ್ಕಾದರೂ ಕಾರಣ ಹೇಳುತ್ತ ಮುಗಿಯುವ ಪ್ರಸಂಗ ಕಂಡಾಗಲೆಲ್ಲ ಅಂಚಿನಲ್ಲಿ ಒಂದು ಗುರುತು ಹಾಕಿಕೊಳ್ಳಿ.

ಗ್ರೀಕರಿಂದ ತಂದದ್ದು

ಪಿಕ್ಟರ್ ಮತ್ತು ಅವನ ನಂತರದವರು ಗ್ರೀಕ್ ಚರಿತ್ರೆಗಳನ್ನು ಓದಿಕೊಂಡವರು. ತಮ್ಮ ಊರಿನ ಖಾಲಿ ಜಾಗಗಳಿಗೆ ಅಲ್ಲಿಂದ ಸಾಮಗ್ರಿ ತಂದರು. ಕ್ರೆಮೆರಾ ನದಿಯ ಬಳಿ ಕ್ರಿ.ಪೂ. 477ರಲ್ಲಿ ಫೇಬಿಯಸ್ ಮನೆತನದ 306 ಮಂದಿ ಒಟ್ಟಿಗೆ ಮಡಿದರೆಂಬ ಕಥೆಯನ್ನು ಓದುವಾಗ, ಮೂರೇ ವರ್ಷ ಮುಂಚೆ ಥರ್ಮೊಪಿಲೆಯಲ್ಲಿ ಮಡಿದ 300 ಸ್ಪಾರ್ಟನ್ನರು ನೆನಪಾಗದಿದ್ದರೆ ಆಶ್ಚರ್ಯ. ಪಿಕ್ಟರ್ ಕೂಡ ಅದೇ ಫೇಬಿಯಸ್ ಮನೆತನದವನು.

ಆದರೆ ಗ್ರೀಕ್ ಹೋಲಿಕೆ ಸಿಕ್ಕ ತಕ್ಷಣ ಪ್ರಸಂಗವನ್ನೆಲ್ಲ ಕಸದ ಬುಟ್ಟಿಗೆ ಹಾಕಬಾರದು. ಗ್ಯಾಬಿಯೈ ಪಟ್ಟಣದ ಪ್ರಸಂಗ ಇದಕ್ಕೆ ಒಳ್ಳೆಯ ಪಾಠ. ಕೊನೆಯ ಟಾರ್ಕ್ವಿನ್‌ನ ಮಗ ಸೆಕ್ಸ್ಟಸ್, ತಂದೆಯ ಕ್ರೌರ್ಯಕ್ಕೆ ಬೇಸತ್ತವನಂತೆ ನಟಿಸಿ ಆ ಪಟ್ಟಣದೊಳಗೆ ಸೇರಿಕೊಂಡು ಅಲ್ಲಿ ಅಧಿಕಾರ ಹಿಡಿಯುತ್ತಾನೆ. ಮುಂದೇನು ಮಾಡಲೆಂದು ಕೇಳಿಬರಲು ತಂದೆಯ ಬಳಿಗೆ ದೂತನನ್ನು ಅಟ್ಟುತ್ತಾನೆ. ಟಾರ್ಕ್ವಿನ್ ಬಾಯಿ ಬಿಡುವುದಿಲ್ಲ. ತೋಟದಲ್ಲಿ ಅಡ್ಡಾಡುತ್ತ ಎತ್ತರಕ್ಕೆ ಬೆಳೆದ ಗಸಗಸೆಯ ತಲೆಗಳನ್ನು ಕೋಲಿನಿಂದ ಹೊಡೆದುರುಳಿಸುತ್ತಾನೆ. ದೂತ ಕಂಡದ್ದನ್ನು ವರದಿ ಮಾಡುತ್ತಾನೆ. ಮಗನಿಗೆ ಅರ್ಥವಾಗಿ ಪಟ್ಟಣದ ಮುಖಂಡರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಗ್ರೀಕ್ ಚರಿತ್ರಕಾರ ಹೆರೊಡೋಟಸ್‌ನಲ್ಲಿ ಇವೆರಡೂ ಇವೆ. ಮೈಮೇಲೆ ಗಾಯ ಮಾಡಿಕೊಂಡು ಶತ್ರುಗಳ ಊರು ಸೇರಿದವನು ಬ್ಯಾಬಿಲನ್ನಿನ ಕಥೆಯ ಜೊಪಿರಸ್. ಎದ್ದುನಿಂತ ತೆನೆಗಳನ್ನು ಕತ್ತರಿಸಿ ದೂತನಿಗೆ ಉತ್ತರ ಕೊಟ್ಟವನು ಮಿಲೆಟಸ್‌ನ ತ್ರಾಸಿಬುಲಸ್. ಡಯೊನೀಸಿಯಸ್‌ಗೆ ಹೋಲಿಕೆ ಹೊಳೆದಿತ್ತು. ಆದರೆ ಅವನು ಅನುಕರಣೆಯನ್ನು ಬರಹಗಾರರ ತಲೆಗೆ ಕಟ್ಟದೆ, ಟಾರ್ಕ್ವಿನ್‌ನೇ ತ್ರಾಸಿಬುಲಸ್‌ನನ್ನು ಅನುಕರಿಸಿದಂತೆ ತೋರುತ್ತದೆ ಎಂದುಬಿಟ್ಟನು!

ಅದೇ ಡಯೊನೀಸಿಯಸ್ ಎರಡು ಅಧ್ಯಾಯ ಮುಂದೆ ಬೇರೊಂದು ಸಂಗತಿ ಹೇಳುತ್ತಾನೆ. ಟಾರ್ಕ್ವಿನ್ ಗ್ಯಾಬಿಯೈ ಜನರೊಡನೆ ಮಾಡಿಕೊಂಡ ಒಪ್ಪಂದವನ್ನು ಎತ್ತಿನ ಚರ್ಮ ಹೊದಿಸಿದ ಮರದ ಗುರಾಣಿಯ ಮೇಲೆ ಹಳೆಯ ಅಕ್ಷರಗಳಲ್ಲಿ ಬರೆದಿದ್ದರು, ಅದು ಸ್ಯಾಂಕಸ್ ದೇವರ ಗುಡಿಯಲ್ಲಿದೆ ಎಂದು. ಕಥೆ ಗ್ರೀಕರದು, ಗುರಾಣಿ ರೋಮಿನದು. ಅಲ್ಲೊಂದು ಹಳೆಯ ಒಪ್ಪಂದವಿತ್ತು. ಅದು ಹೇಗೆ ಆಯಿತೆಂಬುದು ಯಾರಿಗೂ ನೆನಪಿರಲಿಲ್ಲ. ಆ ಖಾಲಿ ಜಾಗಕ್ಕೆ ಗಸಗಸೆಯ ಕಥೆ ಬಂದು ಕೂತಿತು ಎಂದು ನಾನು ಓದಿಕೊಳ್ಳುತ್ತೇನೆ. ರೋಮಿನ ಆದಿಚರಿತ್ರೆಯ ಹಲವು ಪ್ರಸಂಗಗಳ ಕಟ್ಟಡ ಹೀಗೆಯೇ ಇದೆ: ತಳದಲ್ಲಿ ಗಟ್ಟಿಯಾದ ಒಂದು ಕಲ್ಲು, ಅದರ ಮೇಲೆ ಬೇರೆಲ್ಲಿಂದಲೋ ತಂದ ಗೋಡೆ. ಗೋಡೆ ಬಿಚ್ಚುವಾಗ ಕಲ್ಲನ್ನು ಎಸೆಯದಿರುವುದೇ ಓದುಗರ ಕೌಶಲ.

ಯಾರ ಮನೆಯ ಕಥೆ, ಯಾರಿಗೆ ಲಾಭ

ರೋಮಿನ ದೊಡ್ಡ ಮನೆಗಳಲ್ಲಿ ಯಾರಾದರೂ ಸತ್ತಾಗ ಪೂರ್ವಜರ ಮುಖವಾಡಗಳನ್ನು ಮೆರವಣಿಗೆಯಲ್ಲಿ ಹೊತ್ತು, ಫೋರಮ್‌ನಲ್ಲಿ ಅವರ ಸಾಧನೆಗಳನ್ನು ಹೊಗಳಿ ಮಾತಾಡುವ ಪದ್ಧತಿಯಿತ್ತು. ಆ ಹೊಗಳಿಕೆಗಳಲ್ಲಿ ನಡೆಯದ ವಿಜಯೋತ್ಸವಗಳೂ ಹಿಡಿಯದ ಕಾನ್ಸಲ್ ಪದವಿಗಳೂ ಸೇರಿ ಚರಿತ್ರೆ ಕೆಟ್ಟಿತೆಂದು ವಾಗ್ಮಿ ಸಿಸೆರೊ ದೂರಿದ್ದಾನೆ. ಎಂಟನೆಯ ಸಂಪುಟದ ಕೊನೆಯಲ್ಲಿ ಲಿವಿಯೂ ಅದನ್ನೇ ಹೇಳುತ್ತಾನೆ. ಒಂದು ಪ್ರಸಂಗದಲ್ಲಿ ವಲೇರಿಯಸ್‌ಗಳು ಎಲ್ಲೆಲ್ಲೂ ವೀರರಾಗಿ ಕಂಡರೆ, ಆಕರ ವಲೇರಿಯಸ್ ಆಂಟಿಯಾಸ್ ಎಂಬ ಬರಹಗಾರನೇ ಎಂದು ಸಂದೇಹಿಸಬೇಕು. ಇವನಿಗೆ ದೊಡ್ಡ ಸಂಖ್ಯೆಗಳ ಚಟವೂ ಇತ್ತು. ಸ್ಪೇನ್‌ನ ನ್ಯೂ ಕಾರ್ತೇಜ್‌ನಲ್ಲಿ ಸಿಕ್ಕ ಬಾಣ ಎಸೆಯುವ ಯಂತ್ರಗಳು ಗ್ರೀಕ್ ಬರಹಗಾರ ಸೈಲೀನಸ್‌ನ ಪ್ರಕಾರ 60, ಆಂಟಿಯಾಸ್‌ನ ಪ್ರಕಾರ ದೊಡ್ಡವು 6,000, ಚಿಕ್ಕವು 13,000. ಸುಳ್ಳಿಗೆ ಮಿತಿಯೇ ಇಲ್ಲ ಎಂದು ಲಿವಿ ಅಲ್ಲಿ ತಾಳ್ಮೆ ಕಳೆದುಕೊಳ್ಳುತ್ತಾನೆ.

ಲಾಭದ ಪ್ರಶ್ನೆ ಸತ್ತವರ ಮನೆಗಳಿಗೆ ಮುಗಿಯುವುದಿಲ್ಲ ಎಂಬುದನ್ನು ನಾಲ್ಕನೆಯ ಸಂಪುಟದ ಇಪ್ಪತ್ತನೆಯ ಅಧ್ಯಾಯ ತೋರಿಸುತ್ತದೆ. ಶತ್ರುರಾಜನನ್ನು ತಾನೇ ಕೊಂದು ಅವನ ಕವಚವನ್ನು ಜೂಪಿಟರ್ ಫೆರೆಟ್ರಿಯಸ್ ಗುಡಿಗೆ ಅರ್ಪಿಸುವ ಅಪರೂಪದ ಗೌರವ ಕಾರ್ನೀಲಿಯಸ್ ಕೊಸಸ್‌ಗೆ ಸಿಕ್ಕಿತ್ತು. ತನಗಿಂತ ಮುಂಚಿನ ಎಲ್ಲ ಬರಹಗಾರರನ್ನು ಅನುಸರಿಸಿ ಲಿವಿ ಅವನನ್ನು ಅಧೀನ ಸೇನಾಧಿಕಾರಿಯೆಂದು ಕರೆದಿದ್ದಾನೆ. ಆಮೇಲೆ ಕಥೆ ನಿಲ್ಲಿಸಿ ಹೀಗೆನ್ನುತ್ತಾನೆ: ತಾನೇ ಜೀರ್ಣೋದ್ಧಾರ ಮಾಡಿಸಿದ ಆ ಗುಡಿಯೊಳಗೆ ಹೋಗಿ, ನಾರುಬಟ್ಟೆಯ ಕವಚದ ಮೇಲೆ ಕೊಸಸ್ ಕಾನ್ಸಲ್ ಎಂದು ಬರೆದಿರುವುದನ್ನು ಓದಿದೆನೆಂದು ಆಗಸ್ಟಸ್ ಸೀಸರ್ ಹೇಳಿದ್ದನ್ನು ಕೇಳಿದ್ದೇನೆ, ಕೊಸಸ್‌ಗೆ ಅಂಥ ಸಾಕ್ಷಿಯನ್ನು ತಪ್ಪಿಸುವುದು ಗುಡಿಯನ್ನು ದೋಚಿದಂತೆಯೇ ಎನಿಸಿತು. ಹಿನ್ನೆಲೆ ಇಷ್ಟು. ಕ್ರಿ.ಪೂ. 29ರಲ್ಲಿ ಲಿಸಿನಿಯಸ್ ಕ್ರಾಸಸ್ ಎಂಬ ಸೇನಾಪತಿ ಬಾಸ್ಟಾರ್ನೆ ಜನರ ರಾಜನನ್ನು ಸ್ವಹಸ್ತದಿಂದ ಕೊಂದಿದ್ದನು. ಆ ಗೌರವ ಅವನಿಗೆ ಸಲ್ಲದಂತೆ ಆಗಸ್ಟಸ್ ತಡೆಯಬೇಕಾದರೆ, ಅದು ಸರ್ವಾಧಿಕಾರವುಳ್ಳ ದಂಡನಾಯಕನಿಗೆ ಮಾತ್ರ ಮೀಸಲೆಂಬ ಹಳೆಯ ನಿದರ್ಶನ ಬೇಕಿತ್ತು. ಲಿವಿ ಚಕ್ರವರ್ತಿಯ ಮಾತನ್ನು ಗೌರವದಿಂದ ದಾಖಲಿಸಿದನು. ಕಥೆಯ ಒಡಲಲ್ಲಿ ಕೊಸಸ್‌ನನ್ನು ಮೊದಲಿದ್ದ ಹುದ್ದೆಯಲ್ಲಿಯೇ ಬಿಟ್ಟನು. ಆ ಅಧ್ಯಾಯವನ್ನು ಎರಡು ಸಲ ಓದಬೇಕು.

ನೆಲದಡಿಯ ಸಾಕ್ಷಿಯನ್ನು ಬಳಸುವಾಗ

ಗ್ರಂಥದ ಹೊರಗಿನ ಸಾಕ್ಷಿ ಸಿಕ್ಕಾಗ, ಅದು ನಿಖರವಾಗಿ ಏನನ್ನು ಸಮರ್ಥಿಸುತ್ತದೆ ಎಂದು ಕೇಳಿಕೊಳ್ಳದೆ ಕುಣಿಯಬಾರದು. ಪ್ಯಾಲಟೈನ್ ಗುಡ್ಡದಲ್ಲಿ ಸಿಕ್ಕ ಕಬ್ಬಿಣಯುಗದ ಗುಡಿಸಲುಗಳ ಕಂಬದ ಕುಳಿಗಳು ಅಲ್ಲಿ ಜನ ವಾಸವಿದ್ದರೆಂದು ಹೇಳುತ್ತವೆ. ಅವರಲ್ಲೊಬ್ಬನ ಹೆಸರು ರೊಮ್ಯುಲಸ್ ಎಂದು ಹೇಳುವುದಿಲ್ಲ. 1899ರಲ್ಲಿ ಜಾಕೊಮೊ ಬೋನಿ ಫೋರಮ್‌ನ ಕಪ್ಪುಕಲ್ಲಿನ ಹಾಸಿನಡಿ ತೆಗೆದ ಶಾಸನದಲ್ಲಿ ‘ರಾಜನಿಗೆ’ ಎಂಬರ್ಥದ ಪದವಿದೆ, ಕ್ರಿ.ಪೂ. 6ನೆಯ ಶತಮಾನದ ರೋಮಿನಲ್ಲಿ ರಾಜನಿದ್ದನೆಂಬುದಕ್ಕೆ ಅದು ಬಲ ಕೊಡುತ್ತದೆ, ಏಳೇ ಮಂದಿ ಇದ್ದರೆಂಬುದಕ್ಕಲ್ಲ. ರಾಜರು ಹೋದ ಮೇಲಿನ ಗಣರಾಜ್ಯದ ಮೊದಲ ವರ್ಷದಲ್ಲಿಯೇ ರೋಮ್ ಮತ್ತು ಉತ್ತರ ಆಫ್ರಿಕದ ಕಾರ್ತೇಜ್ ಒಪ್ಪಂದ ಮಾಡಿಕೊಂಡವೆಂದು ಗ್ರೀಕ್ ಚರಿತ್ರಕಾರ ಪಾಲಿಬಿಯಸ್ ಹೇಳಿದ್ದನ್ನು ಹಲವರು ನಂಬಿರಲಿಲ್ಲ. 1964ರಲ್ಲಿ, ರೋಮಿನ ಉತ್ತರದ ನೆರೆಯವರಾದ ಎಟ್ರಸ್ಕನ್ನರ ರೇವು ಪಿರ್ಗಿಯಲ್ಲಿ, ಎಟ್ರಸ್ಕನ್ ಮತ್ತು (ಕಾರ್ತೇಜಿನವರೂ ಆಡುತ್ತಿದ್ದ) ಫಿನೀಷಿಯನ್ ಭಾಷೆಗಳ ಚಿನ್ನದ ತಗಡುಗಳು ಸಿಕ್ಕ ಮೇಲೆ, ಕ್ರಿ.ಪೂ. 500ರ ಸುಮಾರಿಗೆ ಆ ಕರಾವಳಿಯಲ್ಲಿ ಅಂಥ ನಂಟು ಅಸಂಭವವಲ್ಲವೆಂದಾಯಿತು.

ಆದರೆ ಎಲ್ಲಕ್ಕಿಂತ ಕುತೂಹಲದ್ದು ಆರನೆಯ ರಾಜ ಸರ್ವಿಯಸ್ ಟಲ್ಲಿಯಸ್‌ನದು. ಲಿವಿಯಲ್ಲಿ ಅವನು ಅರಮನೆಯಲ್ಲಿ ಬೆಳೆದ ಹುಡುಗ; ಮಲಗಿದ್ದಾಗ ತಲೆಯ ಸುತ್ತ ಬೆಂಕಿ ಹೊತ್ತಿ ಉರಿದರೂ ಏನೂ ಆಗಲಿಲ್ಲ. ಕ್ರಿ.ಶ. 48ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಸೆನೆಟ್ಟಿನಲ್ಲಿ ಮಾಡಿದ ಭಾಷಣದ ಕಂಚಿನ ಫಲಕವೊಂದು 1528ರಲ್ಲಿ ಲಿಯಾನ್‌ನಲ್ಲಿ ಸಿಕ್ಕಿತು. ಎಟ್ರಸ್ಕನ್ನರ ಪ್ರಕಾರ ಸರ್ವಿಯಸ್ ಅವರ ಸೇನಾನಿ ಕೀಲಿಯಸ್ ವಿಬೆನ್ನಾನ ಸಂಗಡಿಗ, ಮೂಲ ಹೆಸರು ಮಸ್ತಾರ್ನಾ ಎಂದು ಅದರಲ್ಲಿದೆ. 1857ರಲ್ಲಿ ವುಲ್ಚಿಯಲ್ಲಿ ತೆರೆದ ಕ್ರಿ.ಪೂ. 4ನೆಯ ಶತಮಾನದ ಸಮಾಧಿಯ ಗೋಡೆಯ ಮೇಲೆ, ಮಕ್‌ಸ್ತ್ರ್ನಾ ಎಂದು ಹೆಸರು ಬರೆದ ವ್ಯಕ್ತಿ ಕೈಲೆ ವಿಪಿನಾಸ್‌ನ ಕಟ್ಟು ಬಿಡಿಸುತ್ತಿದ್ದಾನೆ (ಅವೇ ಎರಡು ಹೆಸರುಗಳ ಎಟ್ರಸ್ಕನ್ ರೂಪ ಇವು); ಇನ್ನೊಂದೆಡೆ ‘ರೋಮಿನ ಟಾರ್ಕ್ವಿನ್’ ಎಂಬವನು ಇರಿತಕ್ಕೊಳಗಾಗುತ್ತಿದ್ದಾನೆ. ಪಿಕ್ಟರ್ ಬರೆಯುವುದಕ್ಕೂ ನೂರಕ್ಕೂ ಹೆಚ್ಚು ವರ್ಷ ಮುಂಚೆ, ನೆರೆಯೂರಿನವರು ಅದೇ ಕಾಲದ ಕಥೆಯನ್ನು ಬೇರೆಯೇ ರೀತಿ ಹೇಳಿಕೊಂಡಿದ್ದರು. ಅದೂ ಐತಿಹ್ಯವೇ ಇರಬಹುದು. ಆದರೆ ರೋಮಿನವರು ಹೇಳದೆ ಬಿಟ್ಟ ಐತಿಹ್ಯ. ಹುಡುಗನಾಗಿದ್ದ ಕ್ಲಾಡಿಯಸ್‌ಗೆ ಚರಿತ್ರೆ ಬರೆಯಲು ಹುರಿದುಂಬಿಸಿದವನು ಲಿವಿಯೇ ಎಂಬುದನ್ನು ನೆನೆದರೆ ನಗು ಬರುತ್ತದೆ.

ಆ ಕಂಚಿನ ಫಲಕದಿಂದ ಇನ್ನೊಂದು ಪ್ರಯೋಜನವಿದೆ. ಅದೇ ಭಾಷಣವನ್ನು ಮುಂದಿನ ಕಾಲದ ರೋಮನ್ ಚರಿತ್ರಕಾರ ಟ್ಯಾಸಿಟಸ್ ತನ್ನ ‘ಆನಲ್ಸ್’ ಎಂಬ ಚರಿತ್ರೆಯ ಹನ್ನೊಂದನೆಯ ಸಂಪುಟದ 24ನೆಯ ಅಧ್ಯಾಯದಲ್ಲಿ ಕೊಟ್ಟಿದ್ದಾನೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ. ಫಲಕದ ಕ್ಲಾಡಿಯಸ್ ಎಲ್ಲೆಲ್ಲೋ ಅಲೆಯುತ್ತಾನೆ, ಮಸ್ತಾರ್ನಾನ ಪಾಂಡಿತ್ಯದಲ್ಲಿ ಮುಳುಗುತ್ತಾನೆ; ನಡುವೆ, ನಿನ್ನ ಮಾತು ಎತ್ತ ಹೊರಟಿದೆಯೆಂದು ಸದಸ್ಯರಿಗೆ ಈಗಲಾದರೂ ಬಿಡಿಸಿ ಹೇಳು ಎಂಬ ವಾಕ್ಯವೂ ಬರುತ್ತದೆ. ಟ್ಯಾಸಿಟಸ್‌ನ ಕ್ಲಾಡಿಯಸ್ ಚುರುಕಾಗಿ, ಅಚ್ಚುಕಟ್ಟಾಗಿ ವಾದ ಮಂಡಿಸುತ್ತಾನೆ, ಮಸ್ತಾರ್ನಾ ಮಾಯ. ವಾದದ ದಿಕ್ಕು ಒಂದೇ, ಮಾತುಗಳು ಬೇರೆ. ದಾಖಲೆ ಕೈಗೆಟುಕುವಷ್ಟು ಹತ್ತಿರವಿದ್ದಾಗಲೇ ಹೀಗಾದರೆ, ಲಿವಿಯಲ್ಲಿ ರೊಮ್ಯುಲಸ್ ಮಾಡುವ ಭಾಷಣಗಳನ್ನು ಯಾವ ಹದದಲ್ಲಿ ಓದಬೇಕೆಂಬುದು ತಾನಾಗಿ ತಿಳಿಯುತ್ತದೆ.

ಅಭ್ಯಾಸಕ್ಕೊಂದು ಪ್ರಸಂಗ

ಇಷ್ಟಾದ ಮೇಲೆ ಮೊದಲ ಸಂಪುಟದ ಹನ್ನೊಂದನೆಯ ಅಧ್ಯಾಯವನ್ನು ಒಬ್ಬರೇ ಬಿಡಿಸಿ ನೋಡಿ. ಕೋಟೆಯ ಅಧಿಕಾರಿಯ ಮಗಳು ಟಾರ್ಪಿಯಾ ಸೇಬೈನರಿಗೆ ಬಾಗಿಲು ತೆರೆಯುತ್ತಾಳೆ. ಅವರು ತಮ್ಮ ಗುರಾಣಿಗಳನ್ನು ಅವಳ ಮೇಲೆ ಹೇರಿ ಕೊಲ್ಲುತ್ತಾರೆ. ಅವಳು ಕೇಳಿದ್ದು ಎಡಗೈಯ ಚಿನ್ನದ ಕಡಗಗಳನ್ನೋ, ಸೇಬೈನರನ್ನು ನಿರಾಯುಧರನ್ನಾಗಿಸಲು ಗುರಾಣಿಗಳನ್ನೇಯೋ ಎಂಬುದರ ಬಗ್ಗೆ ಲಿವಿ ಎರಡು ಬಗೆ ಹೇಳುತ್ತಾನೆ. ಯಾವ ಯಾವ ಕ್ರಿಯಾಪದದಿಂದ ಹೇಳುತ್ತಾನೆ ಎಂದು ಗೆರೆ ಎಳೆಯಿರಿ. ಆ ಗುಡ್ಡದ ಬಂಡೆಗೆ ಟಾರ್ಪಿಯನ್ ಬಂಡೆಯೆಂಬ ಹೆಸರಿತ್ತು, ದ್ರೋಹಿಗಳನ್ನು ಅಲ್ಲಿಂದಲೇ ತಳ್ಳುತ್ತಿದ್ದರು ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಕ್ರಿ.ಪೂ. 89ರಲ್ಲಿ, ತನ್ನ ಮನೆತನ ಸೇಬೈನರದ್ದೆಂದು ಹೆಮ್ಮೆಪಡುತ್ತಿದ್ದ ಟಿಟ್ಯೂರಿಯಸ್ ಸಬೈನಸ್ ಎಂಬ ಅಧಿಕಾರಿ ಗುರಾಣಿಗಳ ನಡುವೆ ಹೂತುಹೋದ ಟಾರ್ಪಿಯಾಳನ್ನು ಬೆಳ್ಳಿನಾಣ್ಯದ ಮೇಲೆ ಅಚ್ಚು ಹಾಕಿಸಿದನೆಂಬುದನ್ನೂ ಸೇರಿಸಿ. ಕೊನೆಗೆ ಡಯೊನೀಸಿಯಸ್‌ನ ಎರಡನೆಯ ಸಂಪುಟದ 38ರಿಂದ 40ರವರೆಗಿನ ಅಧ್ಯಾಯಗಳಿಗೆ ಹೋಗಿ. ಅಲ್ಲಿ ಪೀಸೊ ಎಂಬ ಹಳೆಯ ಚರಿತ್ರಕಾರ, ಕ್ರಿ.ಪೂ. 133ರ ಕಾನ್ಸಲ್, ಎಲ್ಲರಿಗೂ ಎದುರಾಗಿ ನಿಂತು ಅವಳ ಪರ ವಕಾಲತ್ತು ಮಾಡುತ್ತಾನೆ. ಅವಳ ಸಮಾಧಿ ಊರಿನ ಅತಿ ಪವಿತ್ರ ಗುಡ್ಡದಲ್ಲಿದೆ, ರೋಮನ್ನರು ವರ್ಷವರ್ಷವೂ ಅಲ್ಲಿ ತರ್ಪಣ ಬಿಡುತ್ತಾರೆ; ಊರನ್ನು ಶತ್ರುಗಳಿಗೆ ಮಾರಿದವಳಾಗಿದ್ದರೆ ಈ ಮರ್ಯಾದೆ ಯಾರು ಮಾಡುತ್ತಿದ್ದರು ಎಂಬುದು ಅವನ ಪ್ರಶ್ನೆ.